ಗೌತಮಿ ಅತ್ತರೆ ಹತ್ತುವ ದೀಪ

ಖೂಬಾ ಪ್ಲಾಟ್, ಕಲಬುರಗಿ
೧೨ ಫೆಬ್ರವರಿ ೨೦೨೫

ಪ್ರೀತಿಯ ಅವ್ವಾ,

ನಿನ್ನ ಮೊಣಕಾಲು ನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲಾ ಸೀಸೆಯನ್ನು ಗೋಡೆಯ ಮಾಡದಲ್ಲಿಟ್ಟು ನೋಡುತ್ತ ಕೂತಿದ್ದೀಯೋ? ನಾವು ಮೂವರೂ ಅರಾಮ ಇದ್ದೇವೆ. ಫೋನಿನಲ್ಲಿ ನೀನು ಮಾತಾಡಿದರೆ ನನಗೆ ಕೇಳುವುದಿಲ್ಲ, ನಾನು ಮೆಸೇಜು ಹಾಕಿದರೆ ನೀನು ತೆರೆಯುವುದಿಲ್ಲ. ಅದಕ್ಕೇ ಈ ಕಾಗದ. ಕನ್ನಡಕ ಹಾಕಿಕೊಂಡು ಓದು, ಯಾಕಂದರೆ ನಾನು ಗೆದ್ದಿದ್ದೇನೆ!

ಬಾಣಂತನ ಮುಗಿಸಿ ತೊಟ್ಟಿಲು ಕೊಟ್ಟು ಕಳಿಸುವಾಗ ನೀನು ಅಂದದ್ದು, ನಿನ್ನ ತುಟಿ ನೋಡಿ ನಾನು ತಿಳಿದದ್ದು, ಇನ್ನೂ ಎದೆಯಲ್ಲಿದೆ: “ಅಳಿಯ ಕೆಲಸಕ್ಕ ಹೋದಮ್ಯಾಲ ಕೂಸು ಅತ್ತರ ನಿನಗ ಹ್ಯಾಂಗ ಗೊತ್ತಾಗ್ತದ? ಒಂದು ತಿಂಗಳು ನೋಡ್ತೀನಿ. ಆಗಲಿಲ್ಲಂದ್ರ ಅದು ನಡಿಯೋತನಕ ಕಮಲಾಪುರದಾಗ ನಾನೇ ಇಟ್ಕೋತೀನಿ.” ನಿನ್ನ ಮೇಲೆ ಸಿಟ್ಟು ಬಂದಿತ್ತು. ಅದಕ್ಕಿಂತ ಹೆದರಿಕೆಯೇ ಹೆಚ್ಚು. ತೊಟ್ಟಿಲ ಹಗ್ಗವನ್ನು ಕಾಲಿಗೆ ಕಟ್ಟಿಕೊಂಡೇ ರೊಟ್ಟಿ ಬಡಿಯುತ್ತಿದ್ದೆ, ಗೌತಮಿ ಒದ್ದಾಡಿದರೆ ಹಗ್ಗ ಜಗ್ಗಲಿ ಎಂದು. ನಿನ್ನ ಮೊಮ್ಮಗಳು ಅಲುಗಾಡದೆ ಅಳುವ ಜಾಣೆ! ಒಮ್ಮೆ ಅತ್ತೂ ಅತ್ತೂ ಅವಳ ಮುಖ ಕೆಂಪಾದ ಮೇಲೆಯೇ ನಾನು ನೋಡಿದ್ದು. ಅವತ್ತು ನಾನೂ ಅತ್ತೆ.

ಆಮೇಲೆ ಸೆರಗು ಸಿಕ್ಕಿಸಿ ನನ್ನ ಹಳೆಯ ಲ್ಯಾಪ್‌ಟಾಪ್ ಮುಂದೆ ಕೂತೆ. ಅದರಲ್ಲಿ ಲಿನಕ್ಸ್ ಹಾಕಿದ್ದೇನೆ, ಹೇಳಿದ ಮಾತು ಕೇಳುತ್ತದೆ. ತೊಟ್ಟಿಲ ಹತ್ತಿರ ಒಂದು ಯುಎಸ್‌ಬಿ ಮೈಕು, ಅಡುಗೆಮನೆಯಲ್ಲಿ ಒಂದು ಯುಎಸ್‌ಬಿ ದೀಪ. ದೀಪಕ್ಕೆ ಸ್ವಿಚ್ಚೇ ಇಲ್ಲ. ಕರೆಂಟು ಕೊಡುವುದೂ ಕಡಿಯುವುದೂ ನಾನು ಬರೆದ ಸ್ಕ್ರಿಪ್ಟು. ಸ್ಕ್ರಿಪ್ಟು ಅಂದರೆ ಕಂಪ್ಯೂಟರಿಗೆ ಬರೆದಿಟ್ಟ ಹುಕುಂ, ಅಷ್ಟೇ: ಮೈಕಿಗೆ ಸದ್ದು ಕೇಳಿದರೆ ದೀಪಕ್ಕೆ ಕರೆಂಟು ಬಿಡು, ಸದ್ದು ನಿಂತರೆ ತೆಗೆ. ಮೊದಲ ಸಲ ದೀಪ ಹತ್ತಿತು, ಆರಿತು, ಮತ್ತೆ ಹತ್ತಲೇ ಇಲ್ಲ. ನೋಡಿದರೆ, ಎರಡನ್ನೂ ಒಂದೇ ಯುಎಸ್‌ಬಿ ಹಬ್‌ಗೆ, ಅಂದರೆ ಹಲವು ತೂತಿನ ಡಬ್ಬಿಗೆ, ಚುಚ್ಚಿದ್ದೆ. ದೀಪದ ಕರೆಂಟು ತೆಗೆದಾಗ ಮೈಕಿನದೂ ಹೋಗಿ, ಅದೂ ನನ್ನ ಹಾಗೆ ಕಿವುಡಾಗಿ ಕೂತಿತ್ತು! ಬಿಡುವವಳಾ ನಾನು? ಕೂಸು, ಲ್ಯಾಪ್‌ಟಾಪ್ ಸಮೇತ ಸ್ಟೇಶನ್ ಬಜಾರಕ್ಕೆ ಹೋಗಿ, ಕಂಪ್ಯೂಟರ್ ಸಾಮಾನು ಮಾರುವ ಫೈಜಾನ್‌ನ ಅಂಗಡಿಯಲ್ಲಿದ್ದ ಹಬ್‌ಗಳನ್ನೆಲ್ಲ ಪರೀಕ್ಷೆ ಮಾಡಿದೆ. ಒಂದೊಂದು ತೂತಿನ ಕರೆಂಟನ್ನು ಬೇರೆಬೇರೆಯಾಗಿ ಕಡಿಯುವಂಥದ್ದು ಸಿಗುವವರೆಗೆ ಎದ್ದೇಳಲಿಲ್ಲ. “ಬಸ್ ಕರೋ ಅಕ್ಕಾ, ಸಾಕು ಮಾಡ್ರಿ, ಅಂಗಡಿ ಎಲ್ಲಾ ತೆಗಿಸಿಬಿಟ್ರಿ” ಎಂದು ಅವನು ಕೈ ಮುಗಿದ.

ಈಗ ಕೂಸು ಕುಂಯ್ ಎಂದರೂ ದೀಪ ಹತ್ತುತ್ತದೆ, ಹಿಟ್ಟಿನ ಕೈಯಲ್ಲೇ ಓಡುತ್ತೇನೆ. ನಿನ್ನೆ ಓಡಿ ಹೋದರೆ ಗೌತಮಿ ಗಡದ್ದಾಗಿ ಮಲಗಿದ್ದಾಳೆ! ಕೂಗಿದ್ದು ಕುಕ್ಕರು, ನನಗೆ ಎಂದೂ ಕೇಳದ ಅದರ ಸೀಟಿ ಮೈಕಿಗೆ ಕೇಳಿತ್ತು. ಮದುವೆಯಾದ ಮೇಲೆ ಮೊದಲ ಸಲ ನಮ್ಮ ಮನೆಯ ಬೇಳೆ ಸೀಯದೆ ಬೆಂದಿತು, ಇವರು ಕೇಳಿ ಕೇಳಿ ಹಾಕಿಸಿಕೊಂಡು ಉಂಡರು.

ಅಪ್ಪನಿಗೆ ಜೈಭೀಮ್ ಹೇಳು. ನಿನ್ನ ಕಾಲಿಗೆ ನನ್ನ ನಮಸ್ಕಾರ, ನಿನ್ನ ಗಲ್ಲಕ್ಕೆ ಗೌತಮಿಯ ಜೊಲ್ಲಿನ ಮುತ್ತು.

ನಿನ್ನ ಹಟಮಾರಿ ಮಗಳು,
ಕಾವೇರಿ

ತಾ.ಕ.: ರವಿವಾರ ಗೌತಮಿಯನ್ನು ಒಯ್ಯಲು ಬರುತ್ತೀಯಂತೆ, ಅಪ್ಪ ಇವರಿಗೆ ಹೇಳಿದರಂತೆ. ಬಾ. ಅವಳ ಬಟ್ಟೆಗೆಂದು ಖಾಲಿ ಚೀಲ ತರಬೇಡ, ನಮ್ಮೂರ ಕೆಂಪು ಬಾಳೆಹಣ್ಣು ತುಂಬಿಕೊಂಡು ಬಾ. ನನ್ನ ಕಿವಿ ಹೋದಂದಿನಿಂದ ಕಾಲಿನಿಂದ ನೆಲ ಬಡಿದು ಬಡಿದು ನನ್ನನ್ನು ಕರೆದವಳು ನೀನು. ಇಲ್ಲಿಗೆ ಬಂದಾಗಲೂ ಇವರಿಗೆ ಫೋನ್ ಮಾಡಿ ಬಿಸಿಲಲ್ಲಿ ಕಾಯುತ್ತೀಯ. ಈ ಸಲ ಯಾರಿಗೂ ಫೋನ್ ಮಾಡಬೇಡ. ಬಾಗಿಲು ಬಡಿ, ನಾನೇ ತೆಗೆಯುತ್ತೇನೆ.