ಅಳು ನಿಂತ ಮೇಲೆ ಬನ್ನಿ ಎಂದವರಿಗೆ

ಸರ್ಕಾರಿ ಕಣ್ಣಿನ ಚಿಕಿತ್ಸಾ ಶಿಬಿರದ ಉಸ್ತುವಾರಿ ಅಧಿಕಾರಿಗಳಿಗೆ,

ಮಾನ್ಯರೇ, ಆ ಮಂಗಳವಾರ ನಾನು ಅಳುತ್ತಿರಲಿಲ್ಲ. ಅಳುತ್ತಿದ್ದೇನೆಂದು ನೀವೇ ತೀರ್ಮಾನಿಸಿ, ಶಸ್ತ್ರಚಿಕಿತ್ಸೆಗೆ ಕರೆಸಿಕೊಂಡವಳನ್ನು ಮನೆಗೆ ಕಳಿಸಿದಿರಿ. ಅದೂ ಎಷ್ಟು ಅಕ್ಕರೆಯಿಂದ! ಗದರಿಸಿದ್ದರೆ ಎದುರು ಮಾತಾಡಬಹುದಿತ್ತು. ಅನುಕಂಪದ ವಿರುದ್ಧ ದೂರು ಸ್ವೀಕರಿಸುವ ಕಿಟಕಿ ನಿಮ್ಮ ಕಚೇರಿಯಲ್ಲಿ ಇಲ್ಲವಾದ್ದರಿಂದ ಎಲ್ಲರೆದುರು ಬರೆಯುತ್ತಿದ್ದೇನೆ.

ನನ್ನ ಮನೆ ದಾಂಡೇಲಿಯಲ್ಲಿ, ಕೆಲಸ ಹಳಿಯಾಳದ ಪ್ರೌಢಶಾಲೆಯೊಂದರಲ್ಲಿ, ಕನ್ನಡ ಕಲಿಸುತ್ತೇನೆ. ಎರಡು ವರ್ಷಗಳಿಂದ ನನ್ನ ಎಡಗಣ್ಣಿನಿಂದ ನೀರು ಇಳಿಯುತ್ತಿತ್ತು. ಕಣ್ಣಿನಿಂದ ಮೂಗಿಗೆ ಹೋಗುವ ನಾಳ ಕಟ್ಟಿಕೊಂಡರೆ ನೀರಿಗೆ ಕೆನ್ನೆಯಲ್ಲದೆ ಬೇರೆ ದಾರಿಯೇನಿದೆ? ಹಲಗೆಯ ಮೇಲೆ ಸವರ್ಣದೀರ್ಘ ಸಂಧಿ ಬರೆದು ತಿರುಗಿ ಕಣ್ಣೊರೆಸಿಕೊಂಡರೆ ಮುಂದಿನ ಬೆಂಚಿನ ಹುಡುಗಿಯರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಸವರ್ಣದೀರ್ಘ ಸಂಧಿಗೆ ಅತ್ತವಳು ಈ ನಾಡಿನಲ್ಲಿ ನಾನೊಬ್ಬಳೇ ಇರಬೇಕು. ಕಾಗದದ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದ ನನ್ನ ಯಜಮಾನರು ಮಹಾಂತಪ್ಪ ಒಂದು ದಿನ ಗಾಡಿ ಹೊರಗೆ ತೆಗೆದು ನಿಂತರು. "ನಡಿ, ತೋರಿಸೂಣು. ನಾ ನಿನ್ನ ಬಡೀತೇನಿ ಅಂತ ತಿಳ್ಕೊಂಡಾರ ಓಣ್ಯಾನ ಮಂದಿ."

ನಿಮ್ಮ ಶಿಬಿರಕ್ಕೆ ಹೊರಗಿನಿಂದ ಬಂದಿದ್ದ ಸರ್ಜನ್ ನನ್ನ ಕಣ್ಣಿನ ಮೂಲೆಯನ್ನು, ಮೂಗಿನ ಪಕ್ಕದಲ್ಲಿ, ಬೆರಳಿನಿಂದ ಒತ್ತಿದರು. ಕೀವು ಬಂತು. "ಇದು ಔಷಧಕ್ಕ ಹೋಗೂದಲ್ರಿ. ಮೂಗಿನೊಳಗ ಹೊಸ ದಾರಿ ಮಾಡಬೇಕು" ಎಂದು ಮುಂದಿನ ಶಿಬಿರದ ಮಂಗಳವಾರ ಬರಲು ಹೇಳಿದರು.

ಆ ಮಂಗಳವಾರ ಬರುವ ಮೊದಲೇ ಮಹಾಂತಪ್ಪ ಡ್ಯೂಟಿಗೆ ಹೋಗುವಾಗ ಎದೆ ಹಿಡಿದುಕೊಂಡು ಬಿದ್ದರು. ಆಸ್ಪತ್ರೆ ಮುಟ್ಟಲಿಲ್ಲ.

ನನಗೆ ಅಳು ಬರಲಿಲ್ಲ. ಹೇಗೆ ವಿವರಿಸಲಿ? ಹಲ್ಲು ಕೀಳುವ ಮುನ್ನ ಚುಚ್ಚುವ ಸೂಜಿಗೆ ದವಡೆ ಮರಗಟ್ಟುತ್ತದಲ್ಲ, ಅದು ಮೈಗೆಲ್ಲ ಹಬ್ಬಿದ ಹಾಗೆ. ಯಾರು ಬಂದರು, ಕೈಗೆ ಚಹಾ ಯಾರು ಕೊಟ್ಟರು, ಒಂದೂ ತಿಳಿಯಲಿಲ್ಲ. ಎಡಗಣ್ಣು ಮಾತ್ರ ತನ್ನ ಪಾಡಿಗೆ ಸುರಿಯುತ್ತಿತ್ತು. ಬಂದವರೆಲ್ಲ ಅದನ್ನು ಕಂಡು ನನ್ನನ್ನು ಅಪ್ಪಿಕೊಂಡರು. ಬಲಗಣ್ಣು ಒಣಗಿದ್ದನ್ನು ಯಾರೂ ನೋಡಲಿಲ್ಲ.

ಯಜಮಾನರ ಅಕ್ಕ ಈರಕ್ಕ ತಮ್ಮ ಊರು ಪಾಳಾದಿಂದ ಬಂದು ನನ್ನ ಜೊತೆಗಿದ್ದರು. ಶಿಬಿರದ ಆ ಮಂಗಳವಾರ ನನ್ನನ್ನು ಎಬ್ಬಿಸಿದವರು ಅವರೇ. "ಅಂವಾ ತೋರಿಸಿ ಹೋಗ್ಯಾನ. ಏಳು, ಮಾಡಿಸ್ಕೊಂಡ ಬರೂಣು."

ಸರ್ಜನ್ ಪರದೆಯ ಆಚೆಗಿದ್ದರು. ಈಚೆ, ಹೆಸರು ಕರೆಯುವ ಮೇಜಿನಲ್ಲಿ ನೀವಿದ್ದಿರಿ. ಈರಕ್ಕನ ಬಾಯಿಂದ ಸಾವಿನ ಸುದ್ದಿ ಕೇಳಿ, ನನ್ನ ಕೆನ್ನೆ ನೋಡಿ, ಕುರ್ಚಿ ಹಾಕಿಸಿದಿರಿ, ಕುಡಿಯಲು ನೀರು ತರಿಸಿದಿರಿ.

"ಸರ್, ನಾ ಅಳಾಕತ್ತಿಲ್ರಿ. ಇದ ನನ್ನ ಜಡ್ಡು" ಎಂದೆ.

"ಗೊತ್ತಾಗುತ್ತೆ ತಾಯಿ. ಅಳು ನಿಂತ ಮೇಲೆ ಬನ್ನಿ, ಆಗ ಮಾಡೋಣ" ಎಂದಿರಿ. ನನ್ನ ಜಾಗಕ್ಕೆ ಕಣ್ಣಿನ ಪೊರೆಯ ರೋಗಿಯೊಬ್ಬರನ್ನು ಕರೆದಿರಿ.

ಪರದೆ ಸರಿಸಿ ಒಂದು ಮಾತು ಕೇಳಲಾಗಲಿಲ್ಲವೆ, ಮಾನ್ಯರೇ? ಗಂಡ ಸತ್ತವಳ ಕಣ್ಣಿನ ನೀರಿಗೆ ವೈದ್ಯರು ಬೇಕಿಲ್ಲವೆಂದು ಯಾವ ಸುತ್ತೋಲೆ ಹೇಳುತ್ತದೆ? ದುಃಖವೊಂದನ್ನು ಬಿಟ್ಟು ವಿಧವೆಗೆ ಬೇರೆ ಕಾಯಿಲೆ ಬರಕೂಡದೆ? ನಾನು ಆಗ ವಾದಿಸಲಿಲ್ಲ. ಮರಗಟ್ಟಿದವರಷ್ಟು ಅನುಕೂಲದ ರೋಗಿಗಳು ನಿಮ್ಮ ಇಲಾಖೆಗೆ ಸಿಗಲಾರರು.

ಮುಂದಿನ ಶಿಬಿರ ರದ್ದಾಯಿತು. ಅಷ್ಟರಲ್ಲಿ ಮೂಗಿನ ಪಕ್ಕ ಅಡಿಕೆಯಷ್ಟು ಬಾವು ಎದ್ದಿತು, ಜ್ವರ ಏರಿತು, ಒಂದು ಬೆಳಿಗ್ಗೆ ಚರ್ಮ ಒಡೆದು ಕೀವು ಹರಿಯಿತು. ಈರಕ್ಕ ಹುಬ್ಬಳ್ಳಿಗೆ ಕರೆದೊಯ್ದರು. ಅಲ್ಲಿ ಮೊದಲು ಬಾವು ಇಳಿಸಿ, ಆಮೇಲೆ ಮೂಗಿನ ಎಲುಬಿನಲ್ಲಿ ಸಣ್ಣ ಕಿಂಡಿ ಕೊರೆದು ಕಣ್ಣೀರಿಗೆ ದಾರಿ ಮಾಡಿದರು. ಕೆಲವು ವಾರ ಕಳೆದ ಮೇಲೆ ಡಾಕ್ಟರು ಕಣ್ಣಿನ ಮೂಲೆಯಿಂದ ಉಪ್ಪುನೀರು ಬಿಟ್ಟು ಕೇಳಿದರು: "ಗಂಟಲಿಗೆ ಉಪ್ಪು ಹತ್ತಿತೇನ್ರಿ?" ಹತ್ತಿತ್ತು, ದಾರಿ ತೆರೆದಿತ್ತು. ಈರಕ್ಕ ಅಲ್ಲೇ ಅತ್ತುಬಿಟ್ಟರು. ನಾನು ಬಾಯಿ ಮುಕ್ಕಳಿಸಿದೆ.

ಈಗ ಕೆನ್ನೆ ಒಣಗಿದೆ, ಮೂಗಿನ ಪಕ್ಕ ಕಲೆ ಉಳಿದಿದೆ. "ಎಷ್ಟ ಲಗೂ ಮರತಳು ನೋಡ" ಎಂದರಂತೆ ಓಣಿಯ ಹೊಳೆವ್ವ. ಕಾಯಿಲೆಯಿದ್ದಾಗ ಅಪ್ಪಿಕೊಂಡವರು ವಾಸಿಯಾದ ಮೇಲೆ ದೂರ ಕೂರುತ್ತಾರೆ. ನನಗಿನ್ನೂ ಅಳು ಬಂದಿಲ್ಲ ಎಂದು ಈರಕ್ಕನಿಗೆ ಮಾತ್ರ ಹೇಳಿದೆ. ಅವರು ಹಂಚಿನ ಮೇಲಿನ ರೊಟ್ಟಿ ತಿರುವುತ್ತ, "ಬರಲಿಲ್ಲಂದ್ರ ಬಿಡು. ಉಣ್ಣು" ಎಂದರು.

ನನ್ನದು ಮುಗಿಯಿತು. ಮುಗಿಯದ್ದೊಂದಿದೆ. ಮೊನ್ನೆ ಬಸ್ ನಿಲ್ದಾಣದಲ್ಲಿ ಕುಂಬಾರವಾಡದ ಗೋದುಬಾಯಿ ಎಂಬ ಮುದುಕಿ ನನ್ನ ಕಲೆ ನೋಡಿ ಮಾತಿಗೆ ಬಂದರು. ಸೆರಗಿನಿಂದ ಒರೆಸಿ ಒರೆಸಿ ಅವರ ಎರಡೂ ಕಣ್ಣಿನ ಸುತ್ತ ಚರ್ಮ ಸುಲಿದಿತ್ತು. "ವಯಸ್ಸಾದ ಮೇಲೆ ನೀರು ಬರೋದೇ ಅಜ್ಜಿ" ಎಂದು ನಿಮ್ಮ ಶಿಬಿರದಲ್ಲಿ ಕಳಿಸಿಬಿಟ್ಟರಂತೆ. ಕಣ್ಣು ಮುಟ್ಟಿಯೂ ನೋಡಲಿಲ್ಲವಂತೆ.

"ಆಪರೇಶನ್ ಭಾಳ ತ್ರಾಸ ಆಗತದೇನ್ರಿ ಬಾಯಿ?" ಎಂದು ಕೇಳಿದರು.

"ಇಲ್ರಿ, ತಡಕೋಬಹುದು" ಎಂದೆ. ಅಷ್ಟರಲ್ಲಿ ಅವರ ಬಸ್ಸು ಬಂತು. ಅದು ತಪ್ಪಿದರೆ ಮತ್ತೆ ಸಂಜೆಗೇ. ಹತ್ತಿ ಹೋದರು.

ನನಗೆ ಕ್ಷಮಾಪಣೆ ಬೇಡ, ತನಿಖೆಯೂ ಬೇಡ. ಅವೆರಡೂ ನನ್ನನ್ನು ಈಗ ತಟ್ಟುವುದಿಲ್ಲ. ಮುಂದಿನ ಶಿಬಿರದ ದಿನ ನಿಮ್ಮ ಇಲಾಖೆಯ ಜೀಪು ಕುಂಬಾರವಾಡಕ್ಕೆ ಹೋಗಿ ಗೋದುಬಾಯಿಯನ್ನು ಕರೆತರಲಿ, ನೇರವಾಗಿ ಸರ್ಜನ್ ಮುಂದೆ ಕೂರಿಸಲಿ. ಅವರ ಮನೆ ಬಸ್ಸು ನಿಲ್ಲುವಲ್ಲೇ, ಚಹಾದಂಗಡಿಯ ಹಿಂದೆ. ಜೀಪು ಬಾಗಿಲ ತನಕ ಹೋಗುತ್ತದಂತೆ, ಆ ಬಸ್ಸಿನ ಕಂಡಕ್ಟರನ್ನು ಕೇಳಿ ತಿಳಿದುಕೊಂಡಿದ್ದೇನೆ.

ಇಂತಿ,
ಸಮಾಧಾನ ಹೇಳಿಸಿಕೊಂಡು ವಾಪಸಾದ ರೋಗಿ,
ವಿದ್ಯಾವತಿ
ದಾಂಡೇಲಿ