ನೋಟೀಸು ಸಿದ್ದರಾಜುವಿಗಲ್ಲ, ನನಗೆ ಬರಬೇಕಿತ್ತು

ಮಾನ್ಯ ಶಿಕ್ಷಣಾಧಿಕಾರಿಗಳೇ,

ಅಲ್ಲಿಗೆ ನಿಂತಿತ್ತಲ್ಲ ಮಾತು, ಅಲ್ಲಿಂದಲೇ ಮುಂದುವರಿಸುತ್ತೇನೆ. ನಿನ್ನೆ ನಿಮ್ಮ ಕಚೇರಿಯ ಮೆಟ್ಟಿಲ ಮೇಲೆ ನಾನು "ಸಾರ್, ಆ ನೋಟೀಸು" ಎನ್ನುವಷ್ಟರಲ್ಲಿ ನೀವು ಜೀಪು ಹತ್ತಿ, "ಬರೆದು ಕೊಡಿ" ಎಂದಿರಿ. ಬರೆಯುತ್ತಿದ್ದೇನೆ. ನಿಮ್ಮ ಗುಮಾಸ್ತ ಸಿದ್ದರಾಜುವಿಗೆ ನೀವು ಕೊಟ್ಟಿರುವ ಕಾರಣ ಕೇಳುವ ನೋಟೀಸು ತಪ್ಪು ವಿಳಾಸಕ್ಕೆ ಹೋಗಿದೆ. ನನ್ನ ಮೊಮ್ಮಗಳು ಅಕ್ಷಿತಾಳ ಟಿ.ಸಿ.ಗೆ ನಿಮ್ಮ ಮೇಲುರುಜು ಬೀಳಲು ನಲವತ್ತೊಂದು ದಿನ ಹಿಡಿದದ್ದು ಆತನಿಂದಲ್ಲ, ನನ್ನಿಂದ. ನಿಮ್ಮ ಕಚೇರಿಯನ್ನು ದೂರಿ ಬರೆದ ಮೊದಲ ಪತ್ರವನ್ನು ಊರೆಲ್ಲ ಓದಲೆಂದು ಪತ್ರಿಕೆಗೆ ಕೊಟ್ಟಿದ್ದೆ. ಇದನ್ನೂ ಅಲ್ಲಿಗೇ ಕೊಡುತ್ತೇನೆ. ಬೈಗುಳ ಬೀದಿಯಲ್ಲಿ, ತಪ್ಪೊಪ್ಪಿಗೆ ಒಳಮನೆಯಲ್ಲಿ ಆಗಬಾರದು.

ಮೊದಲು ನಿಮ್ಮನ್ನು ಅಭಿನಂದಿಸಬೇಕು. ನನ್ನ ದೂರು ಅಚ್ಚಾದ ನಾಲ್ಕೇ ದಿನಕ್ಕೆ ನೋಟೀಸು ಹೊರಟಿತು. ಕೆ.ಆರ್.ಎಸ್. ಕಡೆಯ ನಾಲೆಗಳ ಗೇಟು ಕಾಯುತ್ತ ಮೂವತ್ತಮೂರು ವರ್ಷ ಸರ್ಕಾರದ ಅನ್ನ ತಿಂದವನು ನಾನು, ಇಂಥ ವೇಗ ಕಂಡಿಲ್ಲ. ಆ ನಾಲ್ಕು ದಿನದಲ್ಲಿ ಯಾರಾದರೂ ಕಡತ ಬಿಚ್ಚಿ ನೋಡಿದರೇ? ದೂರು ಕೊಟ್ಟ ಮುದುಕನನ್ನು ಕರೆದು, ಏನಯ್ಯಾ ನಡೆದದ್ದು ಎಂದು ಕೇಳಿದರೇ? ನನ್ನ ಪತ್ರದಲ್ಲಿ 'ಜಸ್ಟಿಸ್ ಡಿಲೇಡ್' ಎಂಬ ಕಾಲೇಜಿನ ಕಾಲದ ಇಂಗ್ಲಿಷ್ ಮಾತಿತ್ತು. ಅದರ ಬಾಲ ನನಗೆ ಮರೆತಿದೆ, ಡಿಲೇಡ್ ಆದರೆ ಮುಂದೆ ಏನಾಗುತ್ತದೆಂದು ಆಗ ಪರೀಕ್ಷೆಗೆ ಬರೆದಿದ್ದೆ. ಅಷ್ಟು ಇಂಗ್ಲಿಷು ಕಂಡದ್ದೇ ತಡ, ಕಚೇರಿ ಬೆದರಿ ತನ್ನಲ್ಲಿ ಎಲ್ಲಕ್ಕಿಂತ ಕೆಳಗಿದ್ದ ಕುತ್ತಿಗೆಯನ್ನು ಹುಡುಕಿ ಮುಂದೊಡ್ಡಿತು. ಮಗುವಿನ ಕಾಗದಕ್ಕಿಲ್ಲದ ಅವಸರ ಮುದುಕನ ಸುಳ್ಳಿಗೆ ಎಲ್ಲಿಂದ ಬಂತು ಸ್ವಾಮಿ?

ಸುಳ್ಳು ಹೇಗೆ ಹುಟ್ಟಿತೆಂದು ಹೇಳುತ್ತೇನೆ. ನನ್ನ ಅಳಿಯ ಲೋಕೇಶ್ ಮಸ್ಕತ್ತಿನಲ್ಲಿ ಕ್ರೇನ್ ಓಡಿಸುತ್ತಾನೆ. ಈ ಬೇಸಿಗೆಯಲ್ಲಿ ಅವನ ಹೆಂಡತಿ ಮಗಳಿಗೆ ವೀಸಾ ಬಂತು. ಅಲ್ಲಿಯ ಶಾಲೆಯವರು ಏಳನೇ ತರಗತಿಯಲ್ಲಿ ಒಂದು ಸೀಟು ಹಿಡಿದಿಟ್ಟು, ಮೇಲುರುಜು ಆದ ಟಿ.ಸಿ. ಜುಲೈ ಹದಿನೈದರೊಳಗೆ ಕೈಸೇರಬೇಕು ಎಂದರು. ಮಗಳು ಅರ್ಪಿತ ಊರಿನ ಡೇರಿಯಲ್ಲಿ ಹಾಲು ಟೆಸ್ಟ್ ಮಾಡುತ್ತಿದ್ದಳು, ಅದನ್ನೆಲ್ಲ ಇನ್ನೊಬ್ಬರಿಗೆ ಒಪ್ಪಿಸಿ ಹೊರಡಬೇಕು. "ಅಪ್ಪ, ಇದೊಂದ ನೀನ್ ನೋಡ್ಕ, ಮಿಕ್ಕಿದ್ದೆಲ್ಲ ನಾನ್ ನೋಡ್ಕತೀನಿ" ಎಂದು ಟಿ.ಸಿ. ನನ್ನ ಕೈಗಿಟ್ಟಳು.

ಜೂನ್ ಹತ್ತರಂದು ನಿಮ್ಮ ಕಚೇರಿಗೆ ಬಂದೆ. ಸಿದ್ದರಾಜು ಅರ್ಜಿ ಓದಿ, "ಪರದೇಸ್ದ ಕೇಸು, ನಾಳಿದ್ದೇ ಸೈನ್ ಮಾಡ್ಸ್ಬುಡ್ತೀನಿ ಯಜಮಾನ್ರೆ" ಎಂದ. ಆಗ ನಾನು ಆತನನ್ನು ಎದುರಿನ ಹೋಟೆಲಿಗೆ ಕರೆದೊಯ್ದು ಟೀ ಕೊಡಿಸಿ ಹೇಳಿದೆ: "ಅರ್ಜೆಂಟಿಲ್ಲ ಕಣಪ್ಪ. ಫೈಲ್ಗಳ ಅಡೀಗೆ ಮಡಗು. ಟೇಕ್ ಯುವರ್ ಓನ್ ಟೈಮ್." ಕೆಲಸ ಬೇಗ ಆಗಲೆಂದು ಟೀ ಕೊಡಿಸುವವರನ್ನು ಆತ ಬೇಕಾದಷ್ಟು ಕಂಡಿರಬೇಕು, ಆಗದಿರಲೆಂದು ಕೊಡಿಸಿದವನು ನಾನೊಬ್ಬನೇ.

ಯಾಕೆಂದು ಕೇಳುತ್ತೀರಿ. ನನ್ನ ಹೆಂಡತಿ ಯಶೋದಮ್ಮ ತೀರಿಕೊಂಡು ಮೂರು ವರ್ಷವಾಯಿತು. ಆಮೇಲೆ ನಮ್ಮ ಮನೆಯಲ್ಲಿ ಜೋರಾಗಿ ಮಾತಾಡುವ ಜೀವವೆಂದರೆ ಅಕ್ಷಿತಾ ಒಬ್ಬಳೇ. ಸಂಜೆ ಜಗಲಿಯಲ್ಲಿ ನಾನು ಇಂಗ್ಲಿಷ್ ಹೇಳಿಕೊಡುವುದು, ಅವಳು, "ತಾತ, ಅದಂಗಲ್ವಂತೆ, ನಮ್ ಮಿಸ್ಸು ಬ್ಯಾರೆ ಯೋಳವ್ರೆ" ಎಂದು ನನ್ನನ್ನೇ ತಿದ್ದುವುದು. ಕಾಗದ ತಡವಾದರೆ ಸೀಟು ಹೋಗುತ್ತದೆ, ಸೀಟು ಹೋದರೆ ಅಲ್ಲಿಯ ಶಾಲೆಗೆ ಹೊಸ ವರ್ಷ ಶುರುವಾಗುವ ಮುಂದಿನ ಏಪ್ರಿಲ್‌ವರೆಗೆ ಇಲ್ಲೇ ಓದಿಕೊಂಡಿರುತ್ತಾಳೆ ಎಂದು ಲೆಕ್ಕ ಹಾಕಿದೆ. ಕಚೇರಿಗೆ ಹೋಗಿ ಬರುತ್ತೇನೆಂದು ಮಗಳಿಗೆ ಹೇಳಿ ಮೂರು ಸಲ ಬಸ್ಸು ಹತ್ತಿದೆ. ಮೂರು ಸಲವೂ ದಾರಿಯಲ್ಲೇ ಇಳಿದು ಹೊಸಹೊಳಲಿನ ಗುಡಿಯ ಕಟ್ಟೆಯ ಮೇಲೆ ಕೂತು, ಗೋಡೆಯ ಕಲ್ಲಾನೆಗಳ ಸಾಲು ನೋಡಿಕೊಂಡು ವಾಪಸಾದೆ. ಸುಸ್ತಾಗಿ ಬಂದ ಅಪ್ಪನಿಗೆ ಮಗಳು ಮಜ್ಜಿಗೆ ಕೊಟ್ಟಳು. ಕುಡಿದೆ.

ಅವಳು ಟಿಕೀಟು ಮುಂದೂಡಲಿಲ್ಲ. "ಅಪ್ಪ ಕಳಿಸ್ತಾನೆ ಬುಡಿ" ಎಂದು ಗಂಡನಿಗೆ ಫೋನಿನಲ್ಲಿ ಹೇಳಿ, ಜುಲೈ ಹತ್ತಕ್ಕೆ ಮಗುವಿನ ಜೊತೆ ವಿಮಾನ ಹತ್ತಿದಳು. ಕಾಗದ ಉಳಿಯಿತು, ಮಗು ಹೋಯಿತು. ಎದ್ದೆನೋ ಬಿದ್ದೆನೋ ಎಂದು ಓಡಿ ಬರುವಷ್ಟರಲ್ಲಿ ನೀವು ತರಬೇತಿಗೆ ಹೋಗಿದ್ದಿರಿ. ರುಜು ಬಿದ್ದದ್ದು ಇಪ್ಪತ್ತೊಂದಕ್ಕೆ. ಅಲ್ಲಿ ಸೀಟು ಬೇರೆ ಮಗುವಿಗೆ ಹೋಗಿತ್ತು. ಮಗಳು ಕೇಳಿದಾಗ, ಕಚೇರಿಯವರು ಎಳೆದಾಡಿಬಿಟ್ಟರು ಎಂದೆ. "ಸುಮ್ಕಿರ್ಬ್ಯಾಡ ಅಪ್ಪ, ಪೇಪರ್ಗೆ ಬರಿ" ಎಂದಳು. ಬರೆದೆ. ಊರಿನವರು ಬೆನ್ನು ತಟ್ಟಿದರು.

ನೋಟೀಸು ಹಿಡಿದು ಸಿದ್ದರಾಜು ಮನೆಗೇ ಬಂದ. ಕೂಗಾಡಲಿಲ್ಲ.

"ಅಡೀಗೆ ಮಡಗು ಅಂದೋರು ನೀವೇ ಅಲ್ವಾ ಯಜಮಾನ್ರೆ?"

"ಹೂಂ ಕಣಪ್ಪ."

"ಆ ಟೀ ಇಷ್ಟು ದುಬಾರಿ ಅಂತ ಗೊತ್ತಿದ್ರೆ ಬರೀ ನೀರ್ ಕುಡ್ದು ಬತ್ತಿದ್ದೆ."

"ನೋಟೀಸ್ಗೆ ಏನಂತ ಉತ್ತರ ಕೊಡ್ತೀಯ?"

"ಏನಂತ ಕೊಡ್ಲಿ? ತಾತನ್ಗೆ ಮೊಮ್ಮಗಳ್ನ ಬುಟ್ಟಿರಕ್ಕಾಗ್ನಿಲ್ಲ, ಅದ್ಕೇ ಇಂಗಾಯ್ತು ಅಂತ ಬರೀಲಾ? ಅದುಕ್ಕೆ ನಮ್ ಫಾರಂನಾಗೆ ಜಾಗ ಇಲ್ಲ."

ಜಾಗವಿಲ್ಲವೆಂದೇ ಇಷ್ಟುದ್ದ ಬರೆಯುತ್ತಿದ್ದೇನೆ. ಒಂದು ದಿನ ತಡವಾಗಿ ಗೇಟು ಎತ್ತಿದರೆ ನಾಲೆಯ ಕೊನೆಯ ಗದ್ದೆಗೆ ನೀರು ಮುಟ್ಟುವುದಿಲ್ಲ, ಇದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈಗ ಆ ಕೊನೆಯ ಗದ್ದೆಯಲ್ಲಿ ನನ್ನ ಮೊಮ್ಮಗಳೇ ಇದ್ದಾಳೆ. ಮೊನ್ನೆ ಫೋನಿನಲ್ಲಿ ಹೇಳಿದಳು: "ತಾತ, ಸ್ಕೂಲ್ ಬಸ್ಸು ನಮ್ ಬಿಲ್ಡಿಂಗ್ ಕೆಳ್ಗೇ ನಿಲ್ತದೆ. ಎಲ್ರೂ ಹತ್ತಿದ್ಮೇಲೆ ನಾನು ಬಾಲ್ಕನಿಯಿಂದ ಒಳಕ್ಕೆ ಬತ್ತೀನಿ." ಆಮೇಲೆ ಕೇಳಿದಳು: "ಆಫೀಸ್ನೋರು ಕೆಟ್ಟೋರು ಅಲ್ವಾ ತಾತ?" ಹೂಂ ಎಂದೆ. ಮಾರನೆಯ ದಿನವೇ ನಿಮ್ಮ ಕಚೇರಿಯ ಮೆಟ್ಟಿಲು ಹತ್ತಿದೆ.

ಮಾನ್ಯರೇ, ಐ ಬೆಗ್ ಟು ಸ್ಟೇಟ್ ಎಂದು ಶುರುಮಾಡಬೇಕಾದ ಭಾಗ ಇದು. ಸಿದ್ದರಾಜುವಿನ ನೋಟೀಸನ್ನು ವಾಪಸು ಪಡೆಯಿರಿ. ತಡವಾದದ್ದಕ್ಕೆ ಕಾರಣ ತಿಳಿಸಿ ಕಚೇರಿಯಿಂದ ಪತ್ರ ಬಂದರೆ, ಈ ಆಗಸ್ಟ್ ಮುಗಿಯುವುದರೊಳಗೆ ಇನ್ನೊಂದು ಸೀಟಿಗೆ ನೋಡುತ್ತೇವೆ ಎಂದು ಆ ಶಾಲೆಯವರು ಹೇಳಿದ್ದಾರಂತೆ. ಇಲ್ಲವಾದರೆ ಅವಳಿಗೆ ಒಂದು ವರ್ಷ ಹೋಯಿತು. ತಪ್ಪು ಮಗುವಿನದಲ್ಲ, ತಾತನದು ಎಂದು ಸ್ಪಷ್ಟವಾಗಿ ಬರೆದು ಮೊಹರು ಹಾಕಿ ಕೊಡಿ. ನನ್ನ ಹೆಸರು ಹಾಕಿ, ಸಂಕೋಚ ಬೇಡ. ಮುಂದೆ ಪರದೇಶಕ್ಕೆ ಹೊರಟ ಮಗುವಿನ ಟಿ.ಸಿ. ಹಿಡಿದು ನನ್ನಂಥವನು ಬಂದರೆ, ತಾಯಿಗೆ ಒಂದು ಫೋನ್ ಮಾಡಿ ನಿಜಕ್ಕೂ ಅರ್ಜೆಂಟಿಲ್ಲವೇ ಎಂದು ಕೇಳಿ. ನಾವು ಮುದುಕರು ನಂಬಿಕಸ್ಥರಂತೆ ಕಾಣುತ್ತೇವೆ.

ಇನ್ನೂ ಹೇಳುವುದಿತ್ತು. ಜಗಲಿಯಲ್ಲಿ ಬೆಳಕು ಇಳಿಯುತ್ತಿದೆ, ಬರೆದ ಸಾಲೇ ಕಾಣುತ್ತಿಲ್ಲ. ದೀಪ ಹಾಕಬಹುದು, ಹಾಕಿದರೆ ಇನ್ನೊಂದು ಪುಟ ನೆಪ ಬರೆಯುತ್ತೇನೆ. ಮಸ್ಕತ್ತಿನಲ್ಲಿ ಇನ್ನೂ ಬಿಸಿಲಿರುತ್ತದೆ, ಇದು ಅಕ್ಷಿತಾ ಫೋನ್ ಮಾಡುವ ಹೊತ್ತು. ಮೊದಲು ಇದನ್ನು ಅವಳಿಗೆ ಓದಿ ಹೇಳುತ್ತೇನೆ. ನಾಳೆ ಮೊದಲ ಬಸ್ಸಿಗೆ ನಿಮ್ಮ ಮುಂದೆ ಇರುತ್ತೇನೆ. ಈ ಸಲ ಹೊಸಹೊಳಲಿನಲ್ಲಿ ಇಳಿಯುವುದಿಲ್ಲ.

ಇಂತಿ,
ನೋಟೀಸಿಗೆ ಕಾದಿರುವ,
ಶಿವಲಿಂಗಯ್ಯ
(ಅಕ್ಷಿತಾಳ ತಾತ)