ಹಾಲ್‌ನಲ್ಲಿ ನಿಂತ ಟೆಂಟು

ರೀ,

ರಾತ್ರಿ ಡ್ಯೂಟಿ ಮುಗಿಸಿ ಬಂದವರು ಬೂಟು ಹೊರಗೇ ಬಿಚ್ಚಿ, ಸದ್ದು ಮಾಡದೆ ಒಳಗೆ ಬನ್ನಿ. ಹಾಲ್‌ನಲ್ಲಿ ಟೆಂಟು ಇನ್ನೂ ನಿಂತೇ ಇದೆ, ಅದರೊಳಗೆ ಅತ್ತೆ ಮಲಗಿದ್ದಾರೆ.

ಹೋದ ಸಲ ನೀವು ಟೆಂಟಿನ ಕೋಲುಗಳನ್ನು ಬಾಗಿಲ ಹಿಂದೆ ಮರೆತು, ಕಾಡಿನ ಮಳೆಯಲ್ಲಿ ನಮ್ಮನ್ನೆಲ್ಲ ತೋಯಿಸಿದಿರಲ್ಲ, ಅದಕ್ಕೇ ಈ ಸಲ ಮನೆಯಲ್ಲೇ ಒಮ್ಮೆ ಹಾಕಿ ನೋಡಿದೆ. ಮಂಡಿ ಆಪರೇಷನ್ ಆದಾಗಿನಿಂದ ಕೋಣೆ ಬಿಟ್ಟು ಕದಲದ ಅತ್ತೆ, “ಜಿಪ್ ಸರಿ ಇದೆಯಾ ನೋಡ್ತೀನಿ” ಅಂತ ಒಳಗೆ ಹೋದವರು ಹೊರಗೆ ಬರಲೇ ಇಲ್ಲ. “ಇಲ್ಲೇ ಇಷ್ಟು ಹಾಯಾಗಿದೆ, ಹೊಳೆ ಪಕ್ಕ ಇನ್ನೆಷ್ಟು ಚೆನ್ನಾಗಿರುತ್ತೋ!” ಅಂದರು. ನನಗೆ ಅಷ್ಟು ಸಾಕಾಗಿತ್ತು.

ಹೊಳೆ ದಂಡೆಯ ಜಾಗ ಮೊದಲು ಹೋದವರಿಗೇ ಸಿಗೋದು, ಹಾಗಾಗಿ ಮಕ್ಕಳ ಜೊತೆ ನಾನು ಮುಂದೆ ಹೋಗಿರುತ್ತೇನೆ. ನೀವು ನಿದ್ದೆ ಮಾಡಿ, ಮಧ್ಯಾಹ್ನ ಟೆಂಟು ಮಡಚಿಕೊಂಡು, ಅತ್ತೆಯನ್ನೂ ಕರೆದುಕೊಂಡು ಬನ್ನಿ. ಕಾಡಿನ ಗೇಟಿನಿಂದಾಚೆ ದಾರಿ ಸಮತಟ್ಟಾಗಿದೆ, ನಿಧಾನವಾಗಿ ನಡೆಸಿ. ಜಿಗಣೆಗೆ ಉಪ್ಪು ಒಲೆ ಪಕ್ಕ ಇದೆ. ಉದ್ದ ಕಾಲುಚೀಲ ಅವರಿಗೆ, ನೀವು ಏರಿಸಿಕೊಳ್ಳಬೇಡಿ.

ಬೆಳಕಾದ ಮೇಲೆ “ಬೇಡಪ್ಪ, ನೀವೇ ಹೋಗಿ ಬನ್ನಿ” ಅಂತ ರಾಗ ಎಳೆದರೆ ಕಿವಿಗೆ ಹಾಕಿಕೊಳ್ಳಬೇಡಿ. ಏನಾದರೂ ಮರೆಯಲೇಬೇಕು ಅಂತಿದ್ದರೆ ಈ ಸಲವೂ ಕೋಲನ್ನೇ ಮರೆಯಿರಿ, ಅಮ್ಮನನ್ನು ಮಾತ್ರ ಬಿಟ್ಟು ಬರಬೇಡಿ. ನೆನೆಯೋದು ನಮಗೇನು ಹೊಸದಲ್ಲ.